ಜಪಾನ್: ಕೆಲಸ ಕಾಯಂ ಇಲ್ಲದವರಿಗೆ ಮದುವೆ ಇಲ್ಲ, ಮದುವೆ ಇಲ್ಲದ ಮೇಲೆ ಮಕ್ಕಳಿಲ್ಲ. ಲೆಕ್ಕ ಇಷ್ಟೇನಾ?

ನಗೋಯಾ ನಿವಾಸಿ (ಚರ್ಚೆ ಶುರು ಮಾಡಿದವರು)

ಜಪಾನಿನಲ್ಲಿ 2024ರಲ್ಲಿ ಹುಟ್ಟಿದ ಮಕ್ಕಳು ಸುಮಾರು 6.86 ಲಕ್ಷ. ಏಳು ಲಕ್ಷಕ್ಕಿಂತ ಕೆಳಗೆ ಹೋಗಿದ್ದು ಇದೇ ಮೊದಲು. ಹತ್ತು ಲಕ್ಷಕ್ಕಿಂತ ಕೆಳಗೆ ಹೋಗಿದ್ದು 2016ರಲ್ಲಿ, ತೀರಾ ಹಿಂದೇನಲ್ಲ. ಒಬ್ಬ ಹೆಂಗಸಿಗೆ ಸರಾಸರಿ 1.15 ಮಗು; ಮುಂದೆ 'ದರ' ಅಂದರೆ ಇದೇ. ಈ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡ ಗುಂಪುಗಳಲ್ಲಿ ಒಂದೇ ಪ್ರತಿಕ್ರಿಯೆ: "ಅವರಿಗೆ ಸಂಸಾರ ಬೇಡ ಬಿಡಿ, ರೋಬೋಟ್ ಇದ್ದರೆ ಸಾಕು." ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಈ ಚರ್ಚೆ.

ಸಂಸಾರ ಬೇಡ ಅನ್ನುವುದು ಸುಳ್ಳು. 2021ರ ಸರ್ಕಾರಿ ಸಮೀಕ್ಷೆಯಲ್ಲಿ 18ರಿಂದ 34 ವಯಸ್ಸಿನ ಅವಿವಾಹಿತರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಮುಂದೊಂದು ದಿನ ಮದುವೆ ಆಗುತ್ತೇವೆ ಅಂದಿದ್ದಾರೆ. ಆದರೆ 2020ರ ಜನಗಣತಿ ನೋಡಿ: 50 ವರ್ಷದ ಹೊತ್ತಿಗೆ ಒಮ್ಮೆಯೂ ಮದುವೆಯಾಗದ ಗಂಡಸರು ನೂರಕ್ಕೆ 28. ಮೂವತ್ತು ವರ್ಷ ಹಿಂದೆ ಈ ಸಂಖ್ಯೆ ಆರನ್ನೂ ಮುಟ್ಟಿರಲಿಲ್ಲ. ಇಲ್ಲಿ ಮದುವೆಯ ಹೊರಗೆ ಹುಟ್ಟುವ ಮಕ್ಕಳು ನೂರಕ್ಕೆ ಎರಡು ಮೂರು ಅಷ್ಟೇ. ಮದುವೆಯಾದ ದಂಪತಿಗೆ ಈಗಲೂ ಹತ್ತಿರ ಹತ್ತಿರ ಎರಡು ಮಕ್ಕಳಿದ್ದಾರೆ, 2021ರ ಲೆಕ್ಕದಲ್ಲಿ 1.90. ಹಾಗಾಗಿ ಕೊರತೆಯ ಬಹುಪಾಲು ಮದುವೆಯ ಬಾಗಿಲಲ್ಲೇ ಆಗುತ್ತಿದೆ.

ಬಾಗಿಲಲ್ಲಿ ತಡೆಯುತ್ತಿರುವುದು ಏನು? ಮೂವತ್ತರಿಂದ ಮೂವತ್ತನಾಲ್ಕರ ಗಂಡಸರಲ್ಲಿ ಕಾಯಂ ನೌಕರರು, ಅಂದರೆ ಇಲ್ಲಿನವರು 'ಸೇಶಾಯಿನ್' ಅನ್ನುವವರು, ನೂರಕ್ಕೆ 59 ಮಂದಿ ಮದುವೆಯಾಗಿದ್ದರು. ಗುತ್ತಿಗೆ, ಏಜೆನ್ಸಿ, ಪಾರ್ಟ್‌ಟೈಮ್ ಕೆಲಸದವರಲ್ಲಿ 22 ಮಂದಿ. ಇದು 2017ರ ಲೆಕ್ಕ.

ನನ್ನ ಪ್ರಕಾರ ಇದರ ಬೇರು 1993ರಿಂದ 2004ರವರೆಗಿನ 'ಉದ್ಯೋಗದ ಹಿಮಯುಗ'ದಲ್ಲಿದೆ, ಅಂದರೆ ಹೊಸಬರಿಗೆ ಕೆಲಸ ಸಿಗದೆ ಹೋದ ಕಾಲದಲ್ಲಿ. ಜಪಾನಿನಲ್ಲಿ 1971ರಿಂದ 74ರವರೆಗೆ ವರ್ಷಕ್ಕೆ ಇಪ್ಪತ್ತು ಲಕ್ಷ ಮಕ್ಕಳು ಹುಟ್ಟಿದ್ದರು. ಯುದ್ಧ ಮುಗಿದ ಮೇಲೆ ಹುಟ್ಟಿದ ದೊಡ್ಡ ಪೀಳಿಗೆಯ ಮಕ್ಕಳು ಇವರು. ಇವರು ಡಿಗ್ರಿ ಮುಗಿಸಿ ಹೊರಬರುವ ಹೊತ್ತಿಗೆ ಸರಿಯಾಗಿ, ಷೇರು, ಜಮೀನಿನ ಬೆಲೆ ಏರಿ ಏರಿ ಊದಿದ್ದ ಆರ್ಥಿಕತೆಯ ಗುಳ್ಳೆ ಒಡೆದಿತ್ತು. ಕಂಪನಿಗಳು ಒಳಗಿದ್ದವರನ್ನು ತೆಗೆಯುವಂತಿರಲಿಲ್ಲ, ಅದಕ್ಕೆ ಹೊಸಬರಿಗೆ ಬಾಗಿಲು ಹಾಕಿದವು. 1997ರ ನವೆಂಬರಿನಲ್ಲಿ ಯಾಮಾಯಿಚಿ ಸೆಕ್ಯೂರಿಟೀಸ್ ಅನ್ನುವ ದೊಡ್ಡ ಷೇರು ವ್ಯವಹಾರದ ಕಂಪನಿ ಮುಳುಗಿದ ಮೇಲೆ ಇನ್ನೂ ಬಿಗಿಯಾಯಿತು. 2003ರಲ್ಲಿ ಪದವಿ ಮುಗಿಸಿದವರಲ್ಲಿ ಕೆಲಸಕ್ಕೆ ಸೇರಿದ್ದು ನೂರಕ್ಕೆ 55 ಮಂದಿ.

ಬೇರೆ ದೇಶದಲ್ಲಾದರೆ ಎರಡು ವರ್ಷ ಬಿಟ್ಟು ಪ್ರಯತ್ನಿಸಬಹುದು. ಇಲ್ಲಿ ಹಾಗಲ್ಲ. ದೊಡ್ಡ ಕಂಪನಿಗಳು ಆ ವರ್ಷ ಪದವಿ ಮುಗಿಸುವವರನ್ನು ಒಟ್ಟಿಗೆ ಆರಿಸಿ ಏಪ್ರಿಲ್ ಒಂದಕ್ಕೆ ಸೇರಿಸಿಕೊಳ್ಳುತ್ತವೆ. ಆ ಸಲ ತಪ್ಪಿದರೆ ತಪ್ಪಿತು. ಅಷ್ಟರಲ್ಲಿ 1999ರಲ್ಲಿ ಏಜೆನ್ಸಿ ಮೂಲಕ ಆಳು ಒದಗಿಸುವುದಕ್ಕೆ ಹೆಚ್ಚುಕಡಿಮೆ ಎಲ್ಲ ಕೆಲಸಗಳನ್ನೂ ತೆರೆದರು, 2004ರಲ್ಲಿ ಕಾರ್ಖಾನೆಗಳನ್ನೂ. ಅಲ್ಲಿಗೆ ಹೋದವರಲ್ಲಿ ಬಹಳ ಜನ ಅಲ್ಲೇ ಉಳಿದರು. ಎರಡನೇ ದೊಡ್ಡ ಪೀಳಿಗೆಗೆ ಮಕ್ಕಳಾಗಿ ಮೂರನೇ ಅಲೆ ಬರಬೇಕಿತ್ತು. ಬರಲೇ ಇಲ್ಲ. 2005ರಲ್ಲಿ ದರ 1.26ಕ್ಕೆ ಕುಸಿಯಿತು. ಇವತ್ತು ಎಷ್ಟು ಭತ್ಯೆ ಕೊಟ್ಟರೂ ಆ ಹೆಂಗಸರಿಗೆ ಈಗ ಐವತ್ತು ದಾಟಿದೆ.

ಒಪ್ಪದವರು ಹೇಳಿ.

ಬಿಟಿಎಂ ಲೇಔಟ್

ಗುರು, ಪೋಸ್ಟ್ ಚೆನ್ನಾಗಿದೆ. ಆದ್ರೆ ಒಂದು ಡೌಟು. ಈಗ ಜಪಾನಲ್ಲಿ ಕೆಲಸಕ್ಕೆ ಜನಾನೇ ಸಿಗ್ತಿಲ್ಲ. ನಿರುದ್ಯೋಗ ಎರಡೂವರೆ ಪರ್ಸೆಂಟ್ ಆಸುಪಾಸು. 2024ರಲ್ಲಿ ಡಿಗ್ರಿ ಮುಗ್ಸಿದವ್ರಲ್ಲಿ 98 ಪರ್ಸೆಂಟ್ ಜನಕ್ಕೆ ಕೆಲಸ. 55 ಎಲ್ಲಿ, 98 ಎಲ್ಲಿ! ಅಂದ್ಮೇಲೆ ಮಕ್ಕಳು ಜಾಸ್ತಿ ಆಗ್ಬೇಕಿತ್ತಲ್ವಾ? 2015ರಲ್ಲಿ 1.45 ಇದ್ದಿದ್ದು 2024ರಲ್ಲಿ 1.15.

ನಗೋಯಾ ನಿವಾಸಿ

ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಬೇಡಿ. 55 ಅನ್ನುವುದು ಪದವಿ ಮುಗಿಸಿದ ಎಲ್ಲರಲ್ಲಿ ಎಷ್ಟು ಜನ ಅಂತ. 98 ಅನ್ನುವುದು ಕೆಲಸ ಬೇಕು ಅಂತ ಹುಡುಕಿದವರಲ್ಲಿ ಎಷ್ಟು ಜನ ಅಂತ. ಆದರೂ ನಿಮ್ಮ ಪ್ರಶ್ನೆ ಸರಿಯಾದದ್ದೇ. ಈಗಿನ ಹುಡುಗರಿಗೆ ಕೆಲಸ ಸುಲಭವಾಗಿ ಸಿಗುತ್ತಿದೆ, ನಿಜ.

ಉತ್ತರದ ಒಂದು ಭಾಗ ಬರೀ ತಲೆ ಎಣಿಕೆ. ತೊಂಬತ್ತರ ದಶಕದಲ್ಲಿ ಹುಟ್ಟಿದ್ದು ವರ್ಷಕ್ಕೆ ಹನ್ನೆರಡು ಲಕ್ಷ. ಈಗ ತಾಯಂದಿರಾಗುವ ವಯಸ್ಸಿನವರು ಅವರು. ಅವರಮ್ಮಂದಿರ ಹಾಗೆಯೇ ಅವರೂ ಹೆತ್ತರೂ ಒಟ್ಟು ಮಕ್ಕಳು ಕಡಿಮೆಯೇ. ದರವೇ ಯಾಕೆ ಇಳಿಯಿತು ಅನ್ನುವುದಕ್ಕೆ ಮಾತ್ರ ಇದು ಉತ್ತರವಲ್ಲ.

ನಿವೃತ್ತ ಮಾಸ್ತರ, ಧಾರವಾಡ

ನಗೋಯಾದವ್ರ, ನೀವು ಬರದಿದ್ದು ಛಲೋ ಐತಿ, ಆದ್ರ ಕಥಿ ನಡುವಿನಿಂದ ಶುರು ಮಾಡೀರಿ. ಜಪಾನದಾಗ ದರ ಎರಡರ ಕೆಳಗ ಇಳದು ಅಲ್ಲೇ ಉಳದದ್ದು ಯಾವಾಗಿಂದ? 1975ರಾಗ, 1.91ಕ್ಕ. ಆವಾಗ ನೌಕರಿ ಭದ್ರತಿ ಹೆಂಗಿತ್ತು? ಒಮ್ಮೆ ಕಂಪನಿ ಸೇರಿದ್ರ ರಿಟೈರ್ ಆಗೂತನಾ ಅಲ್ಲೇ. ಅದ 1975ರಾಗ ಅಲ್ಲಿನ ಸುಪ್ರೀಂ ಕೋರ್ಟು, ಸರಿಯಾದ ಕಾರಣ ಇಲ್ಲದ ನೌಕರರನ್ನ ತಗದ್ರ ಅದು ಹಕ್ಕಿನ ದುರುಪಯೋಗ, ಅಂಥಾ ವಜಾ ನಡಿಯಂಗಿಲ್ಲ ಅಂತ ತೀರ್ಪು ಕೊಟ್ಟಿತ್ತು. ಭದ್ರತಿ ಗಟ್ಟಿ ಆದ ವರ್ಷಾನ ಮಕ್ಕಳು ಎರಡಕ್ಕಿಂತ ಕಡಿಮಿ!

ಮುಂದ 1989 ತಗೋರಿ. ಶೇರು ಪ್ಯಾಟಿ ಮುಗಿಲು ಮುಟ್ಟಿತ್ತು, ಕಂಪನಿಗಳು ಹುಡುಗೂರನ್ನ ಕರದು ಕರದು ಕೆಲಸಾ ಕೊಡತಿದ್ವು. ಆ ವರ್ಷದ ದರ 1.57. ಅದನ್ನ ನೋಡಿ ಇಡೀ ದೇಶ ಬೆಚ್ಚಿಬಿತ್ತು, ಯಾಕಂದ್ರ ಅದು 1966ರ 1.58ಕ್ಕಿಂತ ಕಡಿಮಿ. 1966 ಅಂದ್ರ ಅಲ್ಲಿನ ಪಂಚಾಂಗದಾಗ 'ಬೆಂಕಿ ಕುದುರೆ' ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ್ನ ತಿಂತಾಳ ಅಂತ ನಂಬಿಕಿ ಇತ್ತು. ಒಂದ ವರ್ಷದಾಗ ಕಾಲುಭಾಗ ಮಕ್ಕಳು ಕಡಿಮಿ ಆಗಿದ್ರು. ನಮ್ಮ ಕಡೆ ಮೂಲಾ ನಕ್ಷತ್ರದ ಹುಡುಗ್ಯಾರ ಜಾತಕಾ ವಾಪಸ್ ಬರತಾವಲ್ಲ, ಹಂಗ. 60 ವರ್ಷಕ್ಕೊಮ್ಮೆ ಬರತೈತಿ, 2026 ಮತ್ತ ಅದ ವರ್ಷ.

ನಾ ಹೇಳೂದು ಇಷ್ಟ: ನೌಕರಿ ಗಟ್ಟಿ ಇದ್ದಾಗೂ ಇಳೀತು, ಸಡಲಾದಾಗೂ ಇಳೀತು. ಹಂಗಂದ್ರ ಕಾರಣ ಬ್ಯಾರೆ ಎಲ್ಲೋ ಐತಿ.

ಕಡಲತಡಿ

ಅಲ್ಲ ಮಾರಾಯ್ರೆ, ದಕ್ಷಿಣದ ದ್ವೀಪ ಪ್ರಾಂತ್ಯ ಓಕಿನಾವಾದ ಸುದ್ದಿ ಯಾಕೆ ಯಾರೂ ತೆಗೆಯುದಿಲ್ಲ? 2023ರಲ್ಲಿ ಇಡೀ ಜಪಾನಿನಲ್ಲಿ ಹೆಚ್ಚು ಮಕ್ಕಳಾದದ್ದು ಅಲ್ಲಿ, 1.60. ಟೋಕಿಯೋದಲ್ಲಿ 0.99, ಒಂದು ಕೂಡ ಇಲ್ಲ. ಆದಾಯದಲ್ಲಿ ಓಕಿನಾವಾ ಕಟ್ಟಕಡೆಯ ಸಾಲಿನಲ್ಲಿ ಉಂಟು. ಕಾಯಂ ಅಲ್ಲದ ಕೆಲಸದವರು ನೂರಕ್ಕೆ ನಲ್ವತ್ತರ ಹತ್ತಿರ, ದೇಶದ ಸರಾಸರಿಗಿಂತ ಹೆಚ್ಚು ಅಂತ ಲೆಕ್ಕ. ಭದ್ರತೆ ಇದ್ದಲ್ಲಿ ಮಕ್ಕಳಾಗುದಾದರೆ ಟೋಕಿಯೋದಲ್ಲಿ ಆಗಬೇಕಿತ್ತಲ್ಲ?

ನಗೋಯಾ ನಿವಾಸಿ

ಓಕಿನಾವಾದಲ್ಲಿ ಬೇಗ ಮದುವೆ, ಬಸುರಾದ ಮೇಲೆ ಮದುವೆ, ನಂಟರಿಷ್ಟರು ಹತ್ತಿರದಲ್ಲೇ. ಒಪ್ಪಿದೆ. ಆದರೆ ವಿಚ್ಛೇದನದ ದರವೂ ಅಲ್ಲೇ ಹೆಚ್ಚು, ಮತ್ತು 2016ರಲ್ಲಿ ಆ ಪ್ರಾಂತ್ಯದವರೇ ಮಾಡಿದ ಲೆಕ್ಕದಲ್ಲಿ ಬಡತನದಲ್ಲಿರುವ ಮಕ್ಕಳು ನೂರಕ್ಕೆ 30. ದೇಶದ ಸರಾಸರಿಯ ಸುಮಾರು ಎರಡರಷ್ಟು. ಉಳಿದ ಜಪಾನಿನವರು ಹೆರದೇ ಇರುವುದು ಇದೇ ಭಯಕ್ಕೆ. ಕಾಲೇಜಿನವರೆಗೆ ಓದಿಸಲು ಆಗದಿದ್ದರೆ ಮಗುವೇ ಬೇಡ ಅನ್ನುವವರು ಇವರು. ಬೇಕೆನಿಸಿದಷ್ಟು ಮಕ್ಕಳನ್ನು ಯಾಕೆ ಹೆರುತ್ತಿಲ್ಲ ಅಂತ 2021ರಲ್ಲಿ ದಂಪತಿಗಳನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಕೊಟ್ಟ ಕಾರಣ: ಸಾಕಲು, ಓದಿಸಲು ದುಡ್ಡು ಜಾಸ್ತಿ.

ಕಡಲತಡಿ

ಹಾಗಾದರೆ ಅದು ಭದ್ರತೆಯ ಪ್ರಶ್ನೆ ಅಲ್ಲ, ಟ್ಯೂಶನ್ನಿನ ಪ್ರಶ್ನೆ.

ಒಸಾಕಾ ಅಕ್ಕ

ನಾಲ್ಕು ಜನ ಗಂಡಸರು ಇಷ್ಟು ಚೆನ್ನಾಗಿ ಲೆಕ್ಕ ಹಾಕುತ್ತಿದ್ದೀರಿ, ಹೆರುವವರನ್ನು ಒಂದು ಮಾತು ಕೇಳೋಣ ಅಂತ ಯಾರಿಗೂ ಅನ್ನಿಸಿಲ್ಲ. ಇರಲಿ, ನಾನೇ ಹೇಳುತ್ತೇನೆ.

ನಾನಿಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ. ಶಾಲೆ ಸರ್ಕಾರದ್ದು, ಸಂಬಳ ಏಜೆನ್ಸಿಯದ್ದು. ಒಪ್ಪಂದ ಏಪ್ರಿಲಿನಿಂದ ಮಾರ್ಚ್. ಮುಂದಿನ ವರ್ಷ ಇದೆಯೋ ಇಲ್ಲವೋ ಅನ್ನುವುದು ಫೆಬ್ರವರಿ ಕೊನೆಗೆ ಗೊತ್ತಾಗುತ್ತದೆ. ಈಗ ನೀವೇ ಲೆಕ್ಕ ಹಾಕಿ, ಯಾವ ತಿಂಗಳು ಬಸುರಾದರೆ ಒಪ್ಪಂದ ಉಳಿಯುತ್ತದೆ? ನನ್ನ ಜೊತೆಗಿದ್ದ ಜಪಾನಿ ಹುಡುಗಿಯೊಬ್ಬಳು ಬಸುರಿ ಅಂತ ಹೇಳಿದ ಮೇಲೆ ಅವಳ ಒಪ್ಪಂದ ಮುಂದುವರಿಯಲಿಲ್ಲ. ಬಸುರಿಯಾದ ಕಾರಣಕ್ಕೆ ತೆಗೆಯುವಂತಿಲ್ಲ ಅಂತ ಕಾನೂನಿದೆ, ಆದರೆ ಅವರು ತೆಗೆಯಲಿಲ್ಲವಲ್ಲ, ಅವಧಿ ಮುಗಿಯಿತು ಅಷ್ಟೇ. ಕಾರಣ ಅದೇ ಅಂತ ಸಾಬೀತು ಮಾಡಬೇಕಾದವಳು ಅವಳು.

ಶಿಶುಪಾಲನಾ ರಜೆಯ ಕಥೆ ಕೇಳಿ. 2022ರ ಏಪ್ರಿಲಿನವರೆಗೆ ಒಪ್ಪಂದದವರು ಒಂದೇ ಕಡೆ ಒಂದು ವರ್ಷ ಪೂರೈಸಿದ್ದರೆ ಮಾತ್ರ ಕೊಡುತ್ತಿದ್ದರು. ಆ ಷರತ್ತು ಈಗ ಹೋಗಿದೆ, ಇನ್ನೊಂದು ಉಳಿದಿದೆ: ಮಗುವಿಗೆ ಒಂದೂವರೆ ವರ್ಷ ಆಗುವುದರೊಳಗೆ ಒಪ್ಪಂದ ಮುಗಿದು ನವೀಕರಣ ಆಗುವುದಿಲ್ಲ ಅಂತ ಸ್ಪಷ್ಟವಿದ್ದರೆ ರಜೆ ಇಲ್ಲ. ರಜೆಯಲ್ಲಿ ಮೊದಲ 180 ದಿನ ಸಂಬಳದ 67 ಪರ್ಸೆಂಟ್ ಬರುತ್ತದೆ, ಆಮೇಲೆ 50. ಒಳ್ಳೆಯ ಸೌಲಭ್ಯವೇ. ಯಾರ ಕೆಲಸ ಗಟ್ಟಿಯೋ ಅವರಿಗೆ. ಇನ್ನು ಸರ್ಕಾರಿ ಮಾನ್ಯತೆಯ ಶಿಶುವಿಹಾರಕ್ಕೆ ನಗರಸಭೆ ಅಂಕ ಹಾಕಿ ಸೀಟು ಕೊಡುತ್ತದೆ. ಗಂಡ ಹೆಂಡತಿ ಇಬ್ಬರೂ ಪೂರ್ಣಾವಧಿ ದುಡಿಯುತ್ತಿದ್ದರೆ ಅಂಕ ಜಾಸ್ತಿ. ವಾರಕ್ಕೆ ಮೂರು ದಿನದ ಕೆಲಸಕ್ಕೆ ಕಡಿಮೆ, ಕೆಲಸ ಹುಡುಕುತ್ತಿದ್ದೇನೆ ಅಂದರೆ ಇನ್ನೂ ಕಡಿಮೆ. ಕೆಲಸವಿಲ್ಲದೆ ಸೀಟಿಲ್ಲ, ಸೀಟಿಲ್ಲದೆ ಕೆಲಸವಿಲ್ಲ.

ಈಗ ಗಂಡನ ಕಡೆ. ನನ್ನ ಗಂಡ ಜಪಾನಿ, ಕಾಯಂ ನೌಕರ. ಮಾಸ್ತರು ಹೇಳಿದ ಆ ಭದ್ರತೆ ಪೂರ್ತಿ ಇದೆ. ಅದಕ್ಕೆ ಬದಲಾಗಿ ಕಂಪನಿ ಏನು ಕೇಳುತ್ತದೆ ಗೊತ್ತೇ? ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ ಹೋಗಬೇಕು. 1986ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿಗೆ ಒಂದು ಪ್ರಕರಣ ಬಂದಿತ್ತು. ವಯಸ್ಸಾದ ತಾಯಿ, ಕೆಲಸಕ್ಕೆ ಹೋಗುವ ಹೆಂಡತಿ, ಎರಡು ವರ್ಷದ ಮಗು ಇದ್ದಾರೆ, ನಗೋಯಾಕ್ಕೆ ವರ್ಗಾವಣೆ ಬೇಡ ಅಂದ ನೌಕರನನ್ನು ಕಂಪನಿ ತೆಗೆದುಹಾಕಿತ್ತು. ಕೋರ್ಟು ಕಂಪನಿಯ ಪರ ನಿಂತಿತು, ಸಂಸಾರಕ್ಕಾಗುವ ಈ ತೊಂದರೆ ಸಾಮಾನ್ಯವಾಗಿ ಸಹಿಸಿಕೊಳ್ಳಬೇಕಾದ್ದೇ ಅನ್ನುವ ಅರ್ಥದಲ್ಲಿ. ಹೆಂಡತಿ ಮಕ್ಕಳನ್ನು ಒಂದೂರಲ್ಲಿ ಬಿಟ್ಟು ಗಂಡ ಇನ್ನೊಂದೂರಲ್ಲಿ ಒಂಟಿಯಾಗಿ ಇರುವ ಮನೆಗಳು ಇಲ್ಲಿ ಬೇಕಾದಷ್ಟು.

ಮಾಸ್ತರೇ, 1975ರಲ್ಲೂ 89ರಲ್ಲೂ ಯಾಕೆ ಇಳಿಯಿತು ಅಂದಿರಲ್ಲ, ಆ ಭದ್ರತೆ ಗಂಡಸಿಗೆ ಮಾತ್ರ ಇತ್ತು. ಹೆಣ್ಣುಮಕ್ಕಳು ಮದುವೆಯಾದರೆ ಕೆಲಸ ಬಿಡುತ್ತಾರೆ ಅನ್ನುವ ಲೆಕ್ಕದ ಮೇಲೇ ಕಂಪನಿಗಳು ನಡೆಯುತ್ತಿದ್ದವು. ಓದಿದ ಹೆಣ್ಣುಮಕ್ಕಳು ಮದುವೆ ಮುಂದಕ್ಕೆ ಹಾಕಿದರು. ನಾನಾಗಿದ್ದರೂ ಹಾಕುತ್ತಿದ್ದೆ. ಈಗಲೂ ಆರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಗಂಡ ಮನೆಗೆಲಸ, ಮಗುವಿನ ಕೆಲಸಕ್ಕೆ ಕೊಡುವುದು ದಿನಕ್ಕೆ 1 ಗಂಟೆ 54 ನಿಮಿಷ, ಹೆಂಡತಿ 7 ಗಂಟೆ 28 ನಿಮಿಷ. 2021ರ ಸರ್ಕಾರಿ ಸಮೀಕ್ಷೆ. ನಮಗೆ ಒಂದೇ ಮಗು, ಎರಡನೆಯದು ಯಾಕಿಲ್ಲ ಅಂತ ನಮ್ಮತ್ತೆ ಕೇಳುವುದನ್ನು ಬಿಟ್ಟಿದ್ದಾರೆ, ಮೈಸೂರಿನಲ್ಲಿರುವ ನಮ್ಮಮ್ಮ ಇನ್ನೂ ಬಿಟ್ಟಿಲ್ಲ.

ನಿವೃತ್ತ ಮಾಸ್ತರ, ಧಾರವಾಡ

ಅಕ್ಕಾರ, ಈ ಮಾತು ನಂಗ ಹೊಳದಿದ್ದಿಲ್ಲ. ಭದ್ರತಿ ಐತೋ ಇಲ್ಲೋ ಅನ್ನೂದಕ್ಕಿಂತ ಯಾರಿಗೆ ಐತಿ, ಏನು ಕೊಟ್ಟು ಪಡದಾರ ಅನ್ನೂದು ಮುಖ್ಯ ಅಂತೀರಿ. ಹಂಗಾದ್ರ ನನ್ನ 1975ರ ಲೆಕ್ಕಕ್ಕೂ ನಗೋಯಾದವ್ರ 2005ರ ಲೆಕ್ಕಕ್ಕೂ ಜಗಳಾ ಇಲ್ಲ.

ಆದ್ರ ಫಿನ್‌ಲ್ಯಾಂಡ್ ಏನ್ ಮಾಡೂದ್ರಿ? ಅಲ್ಲಿ ಗಂಡಸರು ಮಗೂನ ಹೊರತಾರ, ರಜಾ ಐತಿ, ಶಿಶುವಿಹಾರ ಐತಿ. 2023ರಾಗ 1.26.

ಬಿಟಿಎಂ ಲೇಔಟ್

ಮಾಸ್ತರ್ ಸಿಕ್ಸರ್ 😄

ದಕ್ಷಿಣ ಕೊರಿಯಾ 0.72 ಅದೇ ವರ್ಷ. ಜಪಾನನ್ನ ನೋಡಿ ಅಳೋಕೆ ಮುಂಚೆ ಪಕ್ಕದ ಮನೆ ನೋಡಿ.

ನಗೋಯಾ ನಿವಾಸಿ

ಫಿನ್‌ಲ್ಯಾಂಡಿಗೆ ನನ್ನ ಬಳಿ ಉತ್ತರ ಇಲ್ಲ. ಎಲ್ಲ ದೇಶಕ್ಕೂ ಒಂದೇ ಕೀಲಿ ಅಂತ ನಾನು ಹೇಳಲೂ ಇಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಫಿನ್‌ಲ್ಯಾಂಡಿನಲ್ಲಿ ಮದುವೆಯಿಲ್ಲದೆ ಜೊತೆಗಿದ್ದು ಮಕ್ಕಳಾಗುವುದು ಸಾಮಾನ್ಯ. ಇಲ್ಲಿ ಮದುವೆ ಕಡ್ಡಾಯ, ಮದುವೆಗೆ ಗಂಡಿನ ಉದ್ಯೋಗ ಕಡ್ಡಾಯ. ಇಲ್ಲಿನ ಮದುವೆ ಏಜೆನ್ಸಿಗಳ ಫಾರ್ಮಿನಲ್ಲಿ ವಾರ್ಷಿಕ ಆದಾಯ, ಉದ್ಯೋಗದ ಬಗೆ ಎರಡೂ ತುಂಬಬೇಕು. ನಮ್ಮ ಕಡೆ "ಹುಡುಗ ಗೌರ್ಮೆಂಟ್ ಕೆಲಸದಲ್ಲಿದ್ದಾನೆ" ಅಂದರೆ ಮುಖ ಅರಳುತ್ತದಲ್ಲ, ಅದೇ. ಹಾಗಾಗಿ ಕೆಲಸ ಅಲುಗಾಡಿದರೆ ಬೇರೆ ದೇಶಕ್ಕಿಂತ ಇಲ್ಲಿ ಹೊಡೆತ ಜೋರು.

ಅಕ್ಕ ಹೇಳಿದ ಏಜೆನ್ಸಿ ವಿಷಯಕ್ಕೆ ಇನ್ನೊಂದು. 2008ರಲ್ಲಿ ಅಮೆರಿಕದ ಲೀಮನ್ ಬ್ಯಾಂಕ್ ಮುಳುಗಿದಾಗ ಕಾರ್ಖಾನೆಗಳು ಮೊದಲು ಕೈಬಿಟ್ಟಿದ್ದು ಏಜೆನ್ಸಿಯವರನ್ನು. ಕಾರ್ಖಾನೆಯ ಡಾರ್ಮಿಟರಿಯಲ್ಲೇ ಇದ್ದವರಿಗೆ ಕೆಲಸದ ಜೊತೆ ಸೂರೂ ಹೋಯಿತು. ಆ ವರ್ಷದ ಡಿಸೆಂಬರ್ 31ಕ್ಕೆ ಟೋಕಿಯೋದ ಹಿಬಿಯಾ ಪಾರ್ಕಿನಲ್ಲಿ ಸ್ವಯಂಸೇವಕರು ಡೇರೆ ಹಾಕಿ ಊಟ ಕೊಟ್ಟರು. ಸುಮಾರು 500 ಜನ ಬಂದರು. ಕಾರ್ಮಿಕ ಸಚಿವಾಲಯದ ಕಟ್ಟಡ ರಸ್ತೆಯಾಚೆಗೇ ಇದೆ. ಟಿವಿಯಲ್ಲಿ ಅದನ್ನು ನೋಡಿದ ಇಪ್ಪತ್ತೈದರ ಹುಡುಗ ಮದುವೆ ಬಗ್ಗೆ ಏನು ಯೋಚಿಸಿರಬಹುದು!

ಕಡಲತಡಿ

ಐದು ವರ್ಷದ ಕಾನೂನು ಅಂತ ಒಂದು ಬಂದಿತ್ತಲ್ಲ, ಅದರಿಂದ ಏನೂ ಉಪಯೋಗ ಆಗಲಿಲ್ಲವಾ?

ಒಸಾಕಾ ಅಕ್ಕ

ಆಯಿತು, ಅರ್ಧಂಬರ್ಧ. 2013ರ ಏಪ್ರಿಲಿನಿಂದ ಜಾರಿ. ಒಂದೇ ಕಡೆ ಒಪ್ಪಂದಗಳು ಐದು ವರ್ಷ ಮೀರಿದರೆ ನೌಕರ ಕೇಳಿದಾಗ ಅವಧಿಯಿಲ್ಲದ ಒಪ್ಪಂದ ಕೊಡಲೇಬೇಕು. ಚೆನ್ನಾಗಿರುವ ಕಂಪನಿಗಳು ಕೊಟ್ಟವು. ಕೆಲವು ಕಡೆ ಐದು ತುಂಬುವ ಮೊದಲೇ ಕಳಿಸಿದರು. ಮಧ್ಯೆ ಆರು ತಿಂಗಳು ಬಿಡುವು ಬಿದ್ದರೆ ಎಣಿಕೆ ಸೊನ್ನೆಯಿಂದ ಶುರು ಅಂತ ಕಾನೂನಿನಲ್ಲೇ ಒಂದು ಕಿಂಡಿ ಇದೆ, ಅದರಲ್ಲಿ ನುಸುಳಿದವರೂ ಉಂಟು. ಇನ್ನು ಒಪ್ಪಂದಕ್ಕೆ ಅವಧಿ ಇಲ್ಲ ಅಂದ ಮಾತ್ರಕ್ಕೆ ಸೇಶಾಯಿನ್ ಆಗುವುದಿಲ್ಲ. ಬೋನಸ್, ಬಡ್ತಿ ಹಳೆಯ ಹಾಗೇ ಇರಬಹುದು.

2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳು ಒಂದೇ ವಾರದಲ್ಲಿ ಬಂದವು. 13ರಂದು ಎರಡು ಪ್ರಕರಣಗಳಲ್ಲಿ, ಕಾಯಂ ಅಲ್ಲದವರಿಗೆ ಬೋನಸ್, ನಿವೃತ್ತಿ ಹಣ ಕೊಡದಿದ್ದರೂ ಅನ್ಯಾಯವಲ್ಲ ಅಂದರು. 15ರಂದು ಜಪಾನ್ ಅಂಚೆಯ ಪ್ರಕರಣದಲ್ಲಿ ಅವಲಂಬಿತರ ಭತ್ಯೆಯಂಥವನ್ನು ಒಪ್ಪಂದದವರಿಗೆ ಕೊಡದಿರುವುದು ತಪ್ಪು ಅಂದರು. ಮಕ್ಕಳಿರುವವರಿಗೆ ಎರಡನೆಯದು ದೊಡ್ಡದು. ಅಂಚೆ ಕಂಪನಿಯ ಗುತ್ತಿಗೆಯವನ ಮಗುವೂ ಅಷ್ಟೇ ಹಾಲು ಕುಡಿಯುತ್ತದೆ ಅನ್ನುವುದು ಸುಪ್ರೀಂ ಕೋರ್ಟಿನವರೆಗೆ ಹೋಗಿ ತೀರ್ಮಾನವಾಗಬೇಕಾಯಿತು.

ಬಿಟಿಎಂ ಲೇಔಟ್

ನಮ್ ಗೆಸ್ಟ್ ಲೆಕ್ಚರರ್‌ಗಳ ಕಥೆನೂ ಇದೇ. ಹತ್ತು ಹದಿನೈದು ವರ್ಷ ಪಾಠ ಮಾಡಿದ್ರೂ ಹೆಣ್ಣು ಕೊಡಲ್ಲ. ಇದಕ್ಕೆ ಕಾರಣ ಯಾವ ಪಕ್ಷ ಅಂದ್ರೆ

ನಿರ್ವಾಹಕ

ಅಲ್ಲಿಗೆ ನಿಲ್ಲಿಸಿ. ಅತಿಥಿ ಉಪನ್ಯಾಸಕರ ಬಗ್ಗೆ ಬೇರೆ ಚರ್ಚೆ ನಡೆಯುತ್ತಿದೆ, ಪಕ್ಷಗಳ ಜಗಳ ಅಲ್ಲಿಯೂ ಬೇಡ. ಇದಾದ ಮೇಲೆ ಬಂದ ನಾಲ್ಕು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ನಗೋಯಾ ನಿವಾಸಿ

ಸರ್ಕಾರದ ಕಡೆಯಿಂದ ಏನಾಗಿದೆ ಅಂತ ಒಬ್ಬರು ಮೆಸೇಜ್ ಮಾಡಿ ಕೇಳಿದರು. 2023ರ ಜನವರಿಯಲ್ಲಿ ಆಗಿನ ಪ್ರಧಾನಿ ಕಿಶಿದಾ ಹಿಂದೆಂದೂ ಕಾಣದ ಮಟ್ಟದ ಕ್ರಮ ಅಂತ ಘೋಷಿಸಿದರು. ವರ್ಷಕ್ಕೆ 3.6 ಲಕ್ಷ ಕೋಟಿ ಯೆನ್. 2024ರ ಅಕ್ಟೋಬರಿನಿಂದ ಮಕ್ಕಳ ಭತ್ಯೆಗೆ ಆದಾಯದ ಮಿತಿ ಇಲ್ಲ, ಹೈಸ್ಕೂಲ್ ಮುಗಿಸುವ ವಯಸ್ಸಿನವರೆಗೂ ಬರುತ್ತದೆ, ಮೂರನೇ ಮಗುವಿಗೆ ತಿಂಗಳಿಗೆ 30,000 ಯೆನ್. ಒಳ್ಳೆಯದೇ, ಆದರೆ ಇದೆಲ್ಲ ಮಗು ಹುಟ್ಟಿದ ಮೇಲಿನ ಮಾತು. ಅಲ್ಲಿಯವರೆಗೆ ಬಾರದವನಿಗೆ ಏನು? ಅವನ ಆರೋಗ್ಯ ವಿಮೆಯ ಜೊತೆ 2026ರ ಏಪ್ರಿಲಿನಿಂದ ಇದಕ್ಕೆ ವಂತಿಗೆ ವಸೂಲಿ. ಜನ ಅದಕ್ಕೆ 'ಬ್ರಹ್ಮಚಾರಿ ತೆರಿಗೆ' ಅಂತ ಹೆಸರಿಟ್ಟಿದ್ದಾರೆ. ಮದುವೆಯಾದವರೂ ಕಟ್ಟಬೇಕು ನಿಜ, ಆದರೆ ವಾಪಸ್ ಬರುವುದು ಮಕ್ಕಳಿದ್ದವರಿಗೆ.

ಹಿಮಯುಗದವರಿಗೆ ಏನು ಮಾಡಿದರು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 2019ರಲ್ಲಿ ಹ್ಯೋಗೋ ಪ್ರಾಂತ್ಯದ ತಕಾರಾಜುಕಾ ನಗರಸಭೆ ಆ ಪೀಳಿಗೆಯವರಿಗೇ ಅಂತ ಮೂರು ಹುದ್ದೆ ಕರೆಯಿತು. ಅರ್ಜಿ ಬಂದಿದ್ದು 1,800ಕ್ಕೂ ಹೆಚ್ಚು. ಕೊನೆಗೆ ನಾಲ್ವರನ್ನು ತೆಗೆದುಕೊಂಡರು.

ಜಪಾನೀಸ್ ಕಲಿಯುವವನು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ನರ್ಸಿಂಗ್ ಮುಗಿಸಿದ್ದೇನೆ, ಭಾಷೆ ಕಲಿಯುತ್ತಿದ್ದೇನೆ. 'ನಿರ್ದಿಷ್ಟ ಕೌಶಲ' ವೀಸಾದಲ್ಲಿ ವೃದ್ಧರ ಆರೈಕೆ ಕೆಲಸಕ್ಕೆ ಹೋಗಬಹುದು ಅಂತ ಇಲ್ಲಿನ ಒಂದು ಸಂಸ್ಥೆಯವರು ಹೇಳುತ್ತಿದ್ದಾರೆ. ಮುಂದಿನ ವರ್ಷ ನನ್ನ ಮದುವೆ ಇದೆ. ಹೆಂಡತಿಯನ್ನು ಕರೆದುಕೊಂಡು ಹೋಗಬಹುದಾ? "ಆಮೇಲೆ ನೋಡೋಣ" ಅನ್ನುತ್ತಾರೆ.

ಒಸಾಕಾ ಅಕ್ಕ

ತಮ್ಮಾ, ಆಮೇಲೆ ನೋಡುವುದು ಬೇಡ, ಈಗಲೇ ನೋಡು. ಆ ವೀಸಾದ ಒಂದನೇ ದರ್ಜೆಯಲ್ಲಿ ಸಾಮಾನ್ಯವಾಗಿ ಒಟ್ಟು ಐದು ವರ್ಷ ಇರಬಹುದು, ಹೆಂಡತಿ ಮಕ್ಕಳನ್ನು ಕರೆಸುವಂತಿಲ್ಲ. ಎರಡನೇ ದರ್ಜೆಗೆ ಹೋದರೆ ಕರೆಸಬಹುದು, ಆದರೆ ಆರೈಕೆ ಕೆಲಸಕ್ಕೆ ಎರಡನೇ ದರ್ಜೆಯೇ ಇಲ್ಲ. ಅದರ ಬದಲು ಇಲ್ಲಿನ ಆರೈಕೆಗಾರರ ರಾಷ್ಟ್ರೀಯ ಪರೀಕ್ಷೆ, ಜಪಾನೀಸ್‌ನಲ್ಲೇ, ಪಾಸು ಮಾಡಿ 'ಕೈಗೋ', ಅಂದರೆ ಆರೈಕೆಯ, ವೀಸಾ ತೆಗೆದುಕೊಳ್ಳಬೇಕು. ಅದು ಸಿಕ್ಕಿದರೆ ಸಂಸಾರ ತರಬಹುದು.

ನಗೋಯಾ ನಿವಾಸಿ

ಮಕ್ಕಳಿಲ್ಲ ಮಕ್ಕಳಿಲ್ಲ ಅನ್ನುವ ದೇಶ ಇಪ್ಪತ್ತೈದರ ಗಂಡುಹೆಣ್ಣುಗಳನ್ನು ಹೊರಗಿನಿಂದ ಕರೆಸಿ, ಸಂಸಾರ ಮಾತ್ರ ಹೂಡಬೇಡಿ ಅನ್ನುತ್ತದೆ. ಹೊರದೇಶದವರು ಕೆಲಸ ಕಲಿಯಲು ಬರುವ ತರಬೇತಿ ವೀಸಾದಲ್ಲೂ ಇದೇ. ಕುಮಾಮೊತೊದಲ್ಲಿ ವಿಯೆಟ್ನಾಮಿನ ಹುಡುಗಿಯೊಬ್ಬಳು ಬಸುರಿಯೆಂದು ಗೊತ್ತಾದರೆ ವಾಪಸ್ ಕಳಿಸುತ್ತಾರೆ ಅಂತ ಹೆದರಿ ಯಾರಿಗೂ ಹೇಳದೆ ಒಬ್ಬಳೇ ಹೆತ್ತಳು. ಅವಳಿ ಮಕ್ಕಳು ಹುಟ್ಟುವಾಗಲೇ ತೀರಿಹೋಗಿದ್ದವು. ಶವವನ್ನು ತ್ಯಜಿಸಿದಳು ಅಂತ ಅವಳ ಮೇಲೆ ಕೇಸು. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ನಿರ್ದೋಷಿ ಅಂದಿತು.

ಜಪಾನೀಸ್ ಕಲಿಯುವವನು

ಥ್ಯಾಂಕ್ಸ್ ಅಕ್ಕ. ಆ ಪರೀಕ್ಷೆ ಬರೆಯಲು ಎಷ್ಟು ವರ್ಷ ಕೆಲಸ ಮಾಡಿರಬೇಕು?

ಒಸಾಕಾ ಅಕ್ಕ

ಕೆಲಸ ಮಾಡಿಕೊಂಡೇ ಬರೆಯುವುದಾದರೆ ಮೂರು ವರ್ಷ, ಜೊತೆಗೆ ನಿಗದಿತ ತರಬೇತಿ. ಸಂಸ್ಥೆಯವರು ಒಪ್ಪಂದದ ಕಾಗದ ಕೊಟ್ಟಾಗ ಮೂರು ವಿಷಯ ನೋಡು: ಪರೀಕ್ಷೆಗೆ ಓದಲು ಸಮಯ ಕೊಡುತ್ತಾರಾ, ತರಬೇತಿಯ ಶುಲ್ಕ ಯಾರದು, ಪಾಸಾದ ಮೇಲೆ ಕಾಯಂ ಮಾಡಿಕೊಳ್ಳುತ್ತಾರಾ. ಬಾಯಿಮಾತು ಬೇಡ, ಕಾಗದದಲ್ಲಿ ಇರಲಿ. ಹೆಂಡತಿಯಾಗುವವಳಿಗೂ ತೋರಿಸು. ಜಪಾನೀಸ್ ಅರ್ಥವಾಗದಿದ್ದರೆ ಹೆಸರು, ವಿಳಾಸ ಮುಚ್ಚಿ ಇಲ್ಲೇ ಹಾಕು, ನಾನೋ ನಗೋಯಾದವರೋ ಓದಿ ಹೇಳುತ್ತೇವೆ.